ಎರಡನೇ ಪೀಪಾಯಿಯ ವಾಸನೆ

ಮೂವತ್ತನಾಲ್ಕನೆಯ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ. ಮೂಗನ್ನು ನಂಬಿ ಬದುಕುವವರಿಗೆ ಅದು ಅಂಥ ನಗುವ ಮಾತೇನಲ್ಲ. ನಾನು ಯಾಕೆ ಬಿಟ್ಟೆ ಎನ್ನುವುದು ನನ್ನ ಸ್ವಂತ ವಿಷಯ, ಅದನ್ನು ಬರೆಯುವುದಿಲ್ಲ. ಆದರೆ ತುಮಕೂರಿನಲ್ಲಿ ಆಹಾರ ವಿಜ್ಞಾನ ಓದುತ್ತಿರುವ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದು, "ಅಕ್ಕ, ವಿಸ್ಕಿ ರುಚಿ ನೋಡೋ ಕೆಲ್ಸ ಅಂದ್ರೆ ನಿಜವಾಗ್ಲೂ ಏನು? ದಿನಾ ಕುಡೀಬೇಕಾ?" ಎಂದು ಕೇಳಿದರು. ಅಡುಗೆಮನೆಯಲ್ಲಿದ್ದ ಅಮ್ಮ ಪಾತ್ರೆಯ ಸದ್ದು ನಿಲ್ಲಿಸಿದ್ದು ಕೇಳಿಸಿತು. ಅವರಿಗೆ ಅವತ್ತು ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿದೆ.

ಕುಡಿಯುವುದಿಲ್ಲ. ಮೂಸುತ್ತೇವೆ, ನಾಲಿಗೆಯ ಮೇಲೆ ಉರುಳಿಸುತ್ತೇವೆ, ಉಗುಳುತ್ತೇವೆ. ಕೆಲಸದ ಮುಕ್ಕಾಲು ಪಾಲು ಮೂಗಿನದು. ಕೆಲಸದ ದಿನ ತಲೆಗೆ ಎಣ್ಣೆಯಿಲ್ಲ, ಮುಡಿಗೆ ಮಲ್ಲಿಗೆಯಿಲ್ಲ, ಬೆಳಗಿನ ತಿಂಡಿಗೆ ಈರುಳ್ಳಿಯಿಲ್ಲ. ನಾನು ಸಿರಾ ತಾಲ್ಲೂಕಿನವಳು. ಹಬ್ಬದ ದಿನವೂ ಹೂ ಮುಡಿಯದೆ ಬಸ್ಸು ಹತ್ತುವ ಮಗಳನ್ನು ಕಂಡು ಅಮ್ಮ ಸಂಕಟಪಡುತ್ತಿದ್ದಳು. ಅದಕ್ಕಿಂತ ದೊಡ್ಡ ಸಂಕಟ ನೆಂಟರಿಗೆ ಏನು ಹೇಳುವುದೆಂಬುದು.

"ಯಾರಾರ ಕೇಳಿದ್ರೆ ಲ್ಯಾಬಲ್ಲಿ ಕೆಲ್ಸ ಅನ್ನು ಕಣೇ. ಏನು ಲ್ಯಾಬು ಅಂದ್ರೆ ನೀರು ಟೆಸ್ಟು ಮಾಡೋದು ಅನ್ನು," ಎಂದು ಅಮ್ಮ ಹೇಳಿಕೊಟ್ಟಿದ್ದಳು.

ಅದರ ಫಲವಾಗಿ ಒಂದು ಭಾನುವಾರ ಸೋದರತ್ತೆ ಬಾಟಲಿಯಲ್ಲಿ ಬೋರ್‌ವೆಲ್ ನೀರು ಹಿಡಿದುಕೊಂಡು ಬಂದಿಳಿದರು. "ಒಸಿ ನೋಡಮ್ಮ ಇದ್ನ. ಮಂಡಿ ನೋವು ಬಂದ್ಬುಟ್ಟೈತೆ, ನೀರಿಂದೇ ದೋಷ ಅಂತಾರೆ." ನಾನು ಅಮ್ಮನ ಮುಖ ನೋಡಿದೆ. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು. ಆ ನೀರನ್ನು ತಾಲ್ಲೂಕಿನ ಪ್ರಯೋಗಾಲಯಕ್ಕೆ ಒಯ್ದು ಕೊಟ್ಟು, ವರದಿ ತಂದು ಅತ್ತೆಗೆ ಮುಟ್ಟಿಸಿದೆ. ಆಮೇಲೆ ಊರಿನಲ್ಲಿ ನನ್ನ ಹೆಸರು ಚೆನ್ನಾಗಿಯೇ ಆಯಿತು.

ನಮ್ಮ ಘಟಕ ಕೊರಟಗೆರೆ ದಾಟಿ ಮಧುಗಿರಿಗೆ ಹೋಗುವ ರಸ್ತೆಯಲ್ಲಿತ್ತು. ಅಲ್ಲಿ ದೇಶೀ ವಿಸ್ಕಿಯನ್ನು ಬಾಟಲಿಗೆ ತುಂಬುತ್ತಿದ್ದರು. ಅದು ಹೊಟ್ಟೆಪಾಡಿನ ಕೆಲಸ. ನಮ್ಮ ಕಣ್ಣು ಹೊಳೆಯುತ್ತಿದ್ದದ್ದು ವರ್ಷಕ್ಕೊಮ್ಮೆ ಸ್ಕಾಟ್ಲೆಂಡಿನಿಂದ ಬರುವ ಪುಟ್ಟ ಸೀಸೆಗಳಿಗೆ. ಅವುಗಳನ್ನು ಕಳಿಸುತ್ತಿದ್ದವರಿಗೆ ಸ್ವಂತ ಭಟ್ಟಿಯಿಲ್ಲ. ಬೇರೆ ಭಟ್ಟಿಗಳಿಂದ ಪೀಪಾಯಿಗಳನ್ನು ಕೊಂಡು, ವರ್ಷಗಟ್ಟಲೆ ಕಾದು, ಒಂದೊಂದು ಪೀಪಾಯಿಯನ್ನೂ ಬೇರೆಬೇರೆಯಾಗಿ, ಯಾವುದಕ್ಕೂ ಬೆರೆಸದೆ, ತಮ್ಮ ಚೀಟಿ ಅಂಟಿಸಿ ಅಲ್ಲೇ ಬಾಟಲಿಗೆ ತುಂಬಿ ಮಾರುವವರು. ನಮ್ಮ ಕಡೆ ಹುಣಸೆ ಮರವನ್ನು ಗುತ್ತಿಗೆ ಹಿಡಿಯುತ್ತಾರಲ್ಲ, ಹಾಗೆ. ತೋಪು ನಿಮ್ಮದಲ್ಲ. ಆದರೆ ಒಂದು ಕಾಯಿ ಮುರಿದು ಬಾಯಿಗಿಟ್ಟು, ಈ ಮರ ನನಗೆ ಎಂದಿರೋ, ಆ ಮರದ ಹುಳಿಯೂ ನಿಮ್ಮದೇ, ಹುಳುಕೂ ನಿಮ್ಮದೇ. ಅವರು ಕಳಿಸಿದ ಮಾದರಿಗಳಲ್ಲಿ ಯಾವ ಪೀಪಾಯಿ ನಮ್ಮ ಕಂಪನಿಗೆ ಎಂದು ಆರಿಸುವುದು ನಮ್ಮ ಮೂವರ ಕೆಲಸ.

ಮೂವರೆಂದರೆ ಒಬ್ಬರು ನಮ್ಮ ಮೇಲಧಿಕಾರಿ, ಮಧುಗಿರಿಯ ರಂಗನಾಥ್ ಸರ್. ಮದ್ಯದ ಉದ್ಯಮದಲ್ಲೇ ತಲೆ ನರೆಸಿಕೊಂಡವರು, ಮೆತ್ತನೆಯ ಮಾತಿನವರು. ಇನ್ನೊಬ್ಬ ಪಾವಗಡ ಕಡೆಯ ರಾಯಚರ್ಲುವಿನ ಓಬಳರೆಡ್ಡಿ. ನನ್ನಂತೆಯೇ ಎಂ.ಎಸ್ಸಿ. ಮಾಡಿದವನು, ಆದರೆ ನನಗೆ ತದ್ವಿರುದ್ಧ, ಬಾಯಿ ಮುಚ್ಚಿಕೊಂಡಿರಲಾರದವನು, ಮಾತಿನ ನಡುವೆ ತೆಲುಗು ನುಸುಳಿಸುವವನು. ಮೂರನೆಯವಳು ನಾನು.

ಸೇರಿದ ಹೊಸದರಲ್ಲಿ ವಾಸನೆಗಳಿಗೆಲ್ಲ ಇಂಗ್ಲಿಷ್ ಹೆಸರಿರುವ ಬಣ್ಣದ ಚಕ್ರವೊಂದನ್ನು ಗೋಡೆಗೆ ಅಂಟಿಸಿದ್ದರು. ಕ್ರಿಸ್‌ಮಸ್ ಕೇಕು, ಕುದುರೆ ಜೀನಿನ ಚರ್ಮ, ಅಂಜೂರದ ಜಾಮು. ನಾನು ಕಂಠಪಾಠ ಮಾಡಿ ಒಪ್ಪಿಸುತ್ತಿದ್ದೆ. ಮೊದಲ ಶೆರ್ರಿ ಪೀಪಾಯಿಯ ವಿಸ್ಕಿ ಬಂದ ದಿನ ಆ ಚಕ್ರ ನನ್ನ ತಲೆಯಿಂದ ಕಳಚಿ ಬಿತ್ತು. ಶೆರ್ರಿ ಎಂದರೆ ಸ್ಪೇನಿನ ದ್ರಾಕ್ಷಿಯ ಮದ್ಯ. ಅದು ಕುಳಿತೆದ್ದ ಓಕ್ ಮರದ ಪೀಪಾಯಿಯಲ್ಲಿ ವಿಸ್ಕಿಯನ್ನು ತುಂಬಿಟ್ಟರೆ, ಮರ ತಾನು ಕುಡಿದದ್ದನ್ನೆಲ್ಲ ವರ್ಷಾನುಗಟ್ಟಲೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು ಬಾಯಿ ಸ್ವಲ್ಪ ತೆರೆದು ಉಸಿರೆಳೆದುಕೊಂಡೆ. ಮೊದಲು ಒಣದ್ರಾಕ್ಷಿ. ಅದರ ಹಿಂದೆಯೇ ಕಪ್ಪು ಬೆಲ್ಲ. ಆಮೇಲೆ, ಯಾರೋ ಪಕ್ಕದಲ್ಲಿ ಕಲ್ಲಿಗೆ ಕುಟ್ಟಿ ಒಡೆದ ಹಾಗೆ, ಬೇಲದ ಹಣ್ಣು!

"ಬೇಲದ ಹಣ್ಣಿನ ಪಾನಕ ಸರ್," ಎಂದುಬಿಟ್ಟೆ. ಕೋಣೆಯಲ್ಲಿ ನಾನು ಸ್ವಂತವಾಗಿ ಆಡಿದ ಮೊದಲ ಮಾತು ಅದು.

ಸರ್ ನಗಲಿಲ್ಲ. ಇನ್ನೊಮ್ಮೆ ಮೂಸಿ ನೋಡಿದರು. "ಹೌದಲ್ಲಮ್ಮ! ಏಲಕ್ಕಿ ಹಾಕಿರೋ ಪಾನಕ. ಇಂಗೇ ಹೇಳ್ಬೇಕು ನೋಡು. ನೀನು ತಿಂದಿರೋದ್ನ ಹೇಳು, ಪುಸ್ತಕದಾಗಿರೋದ್ನ ನಾನೇ ಓದ್ಕೋತೀನಿ."

ನಾಲಿಗೆಯ ಮೇಲೆ ಅದು ಮೊದಲು ಸಿಹಿ, ನಡುವೆ ಒಣಶುಂಠಿಯ ಖಾರ, ಕೊನೆಗೆ ಹುಣಸೆ ಚಿಗುರಿನ ಒಗರು. ಉಗುಳಿದ ಮೇಲೂ ಗಂಟಲಿನಲ್ಲಿ ಅದರ ಬಿಸಿ ಬಹಳ ಹೊತ್ತು ಉಳಿಯಿತು. ಹೊಸದಾಗಿ ಬರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಒಂದು ಗುಟುಕಿನೊಳಗೆ ಇಷ್ಟೊಂದು ವರ್ಷಗಳು ಒಂದರ ಹಿಂದೊಂದು ಸಾಲಾಗಿ ಬರುತ್ತವೆ. ಅವು ದಾಟಿಹೋಗುವ ಮುಂಚೆ ಪ್ರತಿಯೊಂದನ್ನೂ ಹೆಸರು ಹಿಡಿದು ಕರೆಯಬೇಕು. ಆ ಆಟದ ರೋಮಾಂಚನ ನನಗೆ ಕೊನೆಯ ದಿನದವರೆಗೂ ಹಳತಾಗಲಿಲ್ಲ.

ಎಡವಟ್ಟುಗಳೂ ಆಗುತ್ತಿದ್ದವು. ಒಮ್ಮೆ ಓಬಳರೆಡ್ಡಿ ಬೆಳಗಿನಿಂದ ಎಲ್ಲ ಮಾದರಿಗಳಿಗೂ "ಹುರಿದ ಕಡಲೆಕಾಯಿ" ಎಂದೇ ಬರೆಯುತ್ತಾ ಹೋದ. ಸರ್‌ಗೆ ಖುಷಿಯೋ ಖುಷಿ. ಶೆರ್ರಿ ಪೀಪಾಯಿಯಲ್ಲಿ ಇಂಥ ಬೀಜದ ಪರಿಮಳ ಇಷ್ಟು ಜೋರಾಗಿ ಬರುವುದು ಅಪರೂಪವೆಂದು ಎಲ್ಲವನ್ನೂ ಮತ್ತೆ ಮತ್ತೆ ಮೂಸಿದರು. ಕೊನೆಗೆ ನೋಡಿದರೆ ವೈ.ಎನ್.ಹೊಸಕೋಟೆಯ ಅವನ ಅಕ್ಕನ ಮನೆಯಿಂದ ಬಂದ ಹುರಿದ ಕಾಯಿ ಪ್ಯಾಂಟಿನ ಜೇಬಿನಲ್ಲಿತ್ತು.

"ಲೇ ರೆಡ್ಡಿ, ಜೇಬಿನಾಗೆ ಗಾಣ ಇಟ್ಕೊಂಡು ಬಂದಿದೀಯಲ್ಲೋ!"

"ಅಕ್ಕ ಕೊಟ್ಟಿದ್ದು ಸಾರ್, ವದ್ದು ಅನ್ನಾಕಾಯ್ತದಾ? ತಗೊಳ್ಳಿ, ಮೀರೂ ಒಂದಿಡಿ ತಿನ್ನಿ."

ತಿಂದೆವು. ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.

ಕೆಲಸದ ರೀತಿಯೂ ನನ್ನ ಕಾಲದಲ್ಲೇ ಬದಲಾಯಿತು. ಮೊದಲು ಮೂವರೂ ಒಂದೇ ಮೇಜಿನ ಸುತ್ತ ಕೂರುತ್ತಿದ್ದೆವು. ಸರ್ ಮೊದಲು ಬಾಯಿ ತೆರೆಯುತ್ತಿದ್ದರು. ಅವರಿಗೆ ಅಂಜೂರ ಸಿಕ್ಕಿತೆಂದರೆ ನಮಗೂ ಅಂಜೂರವೇ. ಆಮೇಲೆ ಗುರುತು ಮರೆಮಾಡಿದ ಗ್ಲಾಸುಗಳು, ಒಬ್ಬೊಬ್ಬರಿಗೂ ಮರೆಕಟ್ಟಿದ ಪ್ರತ್ಯೇಕ ಗೂಡುಗಳು, ಉತ್ತರ ಒತ್ತುವ ಟ್ಯಾಬು ಬಂದವು. ಆದರೂ ಸ್ಕಾಟ್ಲೆಂಡಿನ ಸೀಸೆಗಳು ಬಂದಾಗ ಮಾತ್ರ ಸರ್ ಹಳೇ ಮೇಜನ್ನೇ ಎಳೆಸುತ್ತಿದ್ದರು. "ಇದು ಹಬ್ಬ ಕಣಮ್ಮ, ಹಬ್ಬದೂಟಾನ ಮೂಲೆಯಾಗೆ ಕೂತು ಉಣ್ತಾರಾ?" ಎನ್ನುತ್ತಿದ್ದರು.

ಹೀಗಿರುವಾಗ, ಕೊರೊನಾ ಕಾಲದಲ್ಲಿ, ನನಗೂ ಆ ಜ್ವರ ಬಂತು. ಜ್ವರ ಇಳಿಯಿತು, ವಾಸನೆ ಹೋಯಿತು. ಆಗ ಎಷ್ಟೋ ಜನರಿಗೆ ಹೋಗಿತ್ತು. ಆದರೆ ಅವರ ಅನ್ನ ಮೂಗಿನಲ್ಲಿರಲಿಲ್ಲ. ಬೆಳಿಗ್ಗೆ ಸಂಜೆ ನಿಂಬೆ, ಲವಂಗ, ನೀಲಗಿರಿ ಎಣ್ಣೆ ಮೂಸುತ್ತಾ ಕೂರುತ್ತಿದ್ದೆ. ಏನೂ ಇಲ್ಲ. ಸುಣ್ಣ ಬಳಿದಿಟ್ಟ ಗೋಡೆಯಷ್ಟು ಖಾಲಿ. ತಿಂಗಳುಗಳ ನಂತರ ವಾಸನೆ ಮರಳಿತು, ಆದರೆ ವಿಕಾರವಾಗಿ ಮರಳಿತು. ಕಾಫಿ ಸುಟ್ಟ ರಬ್ಬರಿನಂತೆ, ಒಗ್ಗರಣೆ ಕೂದಲು ಸುಟ್ಟಂತೆ. ನಿಧಾನವಾಗಿ ಒಂದೊಂದೇ ತನ್ನ ಜಾಗಕ್ಕೆ ಬಂದು ಕೂತಿತು. ವೈದ್ಯರು ಸರಿಯಾಗಿದೆ ಎಂದರು. ಕಂಪನಿ ವಾಪಸು ಕರೆಸಿಕೊಂಡಿತು. ಆದರೆ ಯಾರಾದರೂ ಏನಾದರೂ ಕೇಳಿದರೆ ನಾನು "ಅನಿಸುತ್ತದೆ" ಎಂದು ಸೇರಿಸದೆ ಉತ್ತರ ಕೊಡುತ್ತಿರಲಿಲ್ಲ.

ಆ ವರ್ಷದ ಸೀಸೆಗಳು ಬಂದವು. ಎರಡು ಪೀಪಾಯಿ, ಎರಡೂ ಶೆರ್ರಿಯವು. ಮೊದಲನೆಯದು ತಿಳಿಗೆಂಪು. ಎರಡನೆಯದು ಕಪ್ಪು ಎನ್ನುವಷ್ಟು ಗಾಢ, ಗ್ಲಾಸು ವಾಲಿಸಿದರೆ ಜೋನಿಬೆಲ್ಲದ ಹಾಗೆ ಅಂಚಿಗೆ ಅಂಟಿ ಇಳಿಯುತ್ತಿತ್ತು. ಸರ್ ಅದನ್ನು ಕಿಟಕಿಗೆ ಹಿಡಿದು ನೋಡಿದಾಗಲೇ ಮನಸೋತಿದ್ದರು.

"ಆಹಾ! ಬೆಲ್ಲದ ಪಾಕ, ಖರ್ಜೂರ... ಇದೇ ಕಣ್ರೋ, ಇದೇ!"

ನಾನು ಮೂಸಿದೆ. ಖರ್ಜೂರ ಇತ್ತು. ಬೆಲ್ಲ ಇತ್ತು. ಅವುಗಳ ಕೆಳಗೆ ಇನ್ನೊಂದಿತ್ತು. ಹಬ್ಬದ ಮರುದಿನ ಊರಲ್ಲಿ ಕುರಿಯ ತಲೆಕಾಲನ್ನು ಬೆಂಕಿಗೆ ಹಿಡಿದು ಕೂದಲು ಸುಡುತ್ತಾರಲ್ಲ, ಆ ವಾಸನೆ.

ಇದಕ್ಕೊಂದು ಕಾರಣ ಇರಬಹುದು ಎಂದು ಓದಿನಿಂದ ಗೊತ್ತಿತ್ತು. ಖಾಲಿ ಶೆರ್ರಿ ಪೀಪಾಯಿ ಕೆಡದಿರಲೆಂದು ಅದರೊಳಗೆ ಗಂಧಕದ ಬತ್ತಿ ಉರಿಸುವುದುಂಟು. ಅದರ ಶೇಷ ವಿಸ್ಕಿಗೆ ಹತ್ತಿದರೆ ಬೆಂಕಿಕಡ್ಡಿ, ರಬ್ಬರು, ಸುಟ್ಟ ಕೂದಲು. ಆದರೆ ನನ್ನ ಕೆಟ್ಟ ಮೂಗು ನನಗೆ ತಿಂಗಳುಗಟ್ಟಲೆ ತೋರಿಸಿದ್ದೂ ಅದೇ ವಾಸನೆ. ತಪ್ಪು ಪೀಪಾಯಿಯದೋ, ನನ್ನದೋ?

"ಸರ್, ಗಂಧಕ ಇದೆ ಅನಿಸುತ್ತದೆ," ಎಂದೆ.

ಸರ್ ಮತ್ತೆ ಮೂಸಿದರು. "ನಂಗೇನೂ ಇಲ್ವಲ್ಲಮ್ಮ. ರೆಡ್ಡಿ?"

ಸರ್ ಆಗಲೇ "ಆಹಾ" ಎಂದಾಗಿತ್ತು. ಓಬಳರೆಡ್ಡಿ ಗ್ಲಾಸಿನೊಳಗೇ ಮುಖ ಮುಚ್ಚಿಕೊಂಡು, "ಆಲ್ಕೋಹಾಲು ಜಾಸ್ತಿ ಸಾರ್, ಮೂಗು ಉರೀತೈತೆ. ನೀರು ಬೆರೆಸಿ ನೋಡ್ಬೇಕು," ಎಂದ.

ಅದು ಕ್ರಮವೇ. ಪೀಪಾಯಿಯಿಂದ ನೇರ ಬಂದ ವಿಸ್ಕಿ ಬಲು ತೀಕ್ಷ್ಣ. ನೀರು ಬೆರೆಸಿ ಸಾಧು ಮಾಡಿದರೆ ಅಡಗಿದ್ದೆಲ್ಲ ಹೊರಗೆ ಬರುತ್ತದೆ. ಮರುದಿನ ನೀರು ಬೆರೆಸಿ ನೋಡುವುದು, ಮಧ್ಯಾಹ್ನ ಸ್ಕಾಟ್ಲೆಂಡಿಗೆ ಫೋನು ಮಾಡಿ ಪೀಪಾಯಿ ಗೊತ್ತುಮಾಡುವುದು ಎಂದಾಯಿತು. ಹೊರಡುವಾಗ ಸರ್ ನನ್ನನ್ನು ಪಕ್ಕಕ್ಕೆ ಕರೆದರು.

"ಬೇಜಾರು ಮಾಡ್ಕೋಬ್ಯಾಡ ಕಣಮ್ಮ. ನಾಳೆ ನೀರಲ್ಲೂ ಅದು ನಿಂಗೊಬ್ಳಿಗೇ ಬಂದ್ರೆ ಸ್ವಲ್ಪ ದಿನ ಈ ಮೇಜು ಬುಟ್ಟಿರು. ಕಚೇರಿ ಕೆಲ್ಸ ಮಾಡ್ಕೊಂಡಿರು. ಮೂಗು ಎಲ್ಲೂ ಓಡಿಹೋಗಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮೇಜು ಬಿಟ್ಟವರು ಮತ್ತೆ ಮೇಜಿಗೆ ಬಂದದ್ದನ್ನು ಮಾತ್ರ ನಾನು ನೋಡಿರಲಿಲ್ಲ.

ಮರುದಿನ ಸರ್ ಕಾರಿನಿಂದ ಇಳಿಯುವಾಗ ಕೈಯಲ್ಲಿ ತಾಮ್ರದ ಬಿಂದಿಗೆ ಇತ್ತು. ಹುಣಸೆಹಣ್ಣು ಹಚ್ಚಿ ಉಜ್ಜಿ ಫಳಫಳ ಹೊಳೆಯುವಂತೆ ಮಾಡಿದ್ದರು.

"ಚನ್ನರಾಯನದುರ್ಗದ ಬೆಟ್ಟದ ದೊಣೆ ನೀರು. ನೆನ್ನೆ ಸಂಜೆ ನಮ್ಮ ಭಾಮೈದನ ಕೈಲಿ ತರಿಸಿ, ರಾತ್ರಿಯೆಲ್ಲ ತಾಮ್ರದಾಗೆ ಇಟ್ಟಿದೀನಿ. ಇಂಥ ವಿಸ್ಕಿಗೆ ಆ ಕ್ಯಾನು ನೀರು ಹುಯ್ಯೋದು ಪಾಪ ಕಣಮ್ಮ!"

ನಾವು ಯಾವಾಗಲೂ ಬಳಸುತ್ತಿದ್ದದ್ದು ಶುದ್ಧೀಕರಿಸಿದ ಕ್ಯಾನಿನ ನೀರು. ಬಂಡೆಯ ಕುಳಿಯಲ್ಲಿ ನಿಲ್ಲುವ ದೊಣೆಯ ನೀರೆಂದರೆ ನಮ್ಮ ಕಡೆಯವರಿಗೆ ಅದಕ್ಕಿಂತ ಸಿಹಿನೀರಿಲ್ಲ. ತಾಮ್ರದಲ್ಲಿಟ್ಟರೆ ಆರೋಗ್ಯಕ್ಕೂ ಒಳ್ಳೆಯದು. ನಮ್ಮ ಮನೆಯಲ್ಲೂ ಹಾಗೆಯೇ ಇಡುತ್ತಾರೆ. ಆದ್ದರಿಂದ ಮೂವರಲ್ಲಿ ಯಾರಿಗೂ ಬೇಡ ಎನ್ನಬೇಕೆಂದು ತೋಚಲಿಲ್ಲ.

ಸರ್ ತಾವೇ ಬೆರೆಸಿದರು. ಎರಡನೇ ಪೀಪಾಯಿಯ ಗ್ಲಾಸನ್ನು ಮೂಗಿಗೆ ತಂದೆ. ಖರ್ಜೂರ, ಕಪ್ಪು ಬೆಲ್ಲ, ಕಾಫಿ ಬೀಜ, ತುಪ್ಪದಲ್ಲಿ ಉಬ್ಬಿದ ದ್ರಾಕ್ಷಿ. ಸುಟ್ಟ ಕೂದಲಿಲ್ಲ. ಮತ್ತೆ ಮೂಸಿದೆ. ಎಲ್ಲೂ ಇಲ್ಲ. ಮನೋಹರವಾದ ವಿಸ್ಕಿ!

ಅಂಥ ವಿಸ್ಕಿಯನ್ನು ಹಿಡಿದುಕೊಂಡು ನನ್ನಷ್ಟು ದುಃಖಪಟ್ಟವರು ಇನ್ನೊಬ್ಬರು ಇರಲಾರರು. ಹಾಗಾದರೆ ನೆನ್ನೆ ಬಂದ ವಾಸನೆ ನನ್ನ ಮೂಗಿನದೇ.

"ಇವತ್ತೂ ಐತಾ?" ಸರ್ ಕೇಳಿದರು.

"ಇಲ್ಲ ಸರ್."

"ಅಷ್ಟೇ ಮತ್ತೆ. ಊಟ ಮಾಡಿ ಬಂದು ಫೋನು ಮಾಡೋಣ." ನನ್ನ ಕಡೆ ನೋಡಿ, ದನಿ ತಗ್ಗಿಸಿ, "ನಾ ಹೇಳಿದ್ನಲ್ಲ, ಒಂದಷ್ಟು ದಿನ," ಎಂದರು.

ಅವರು ಊಟಕ್ಕೆ ಹೋದರು. ನಾನು ಹೋಗಲಿಲ್ಲ. ನೀರು ಬೆರೆಸದ ಸೀಸೆಯನ್ನು ತೆರೆದು ಮೂಸಿದೆ. ಕುರಿತಲೆ. ಗ್ಲಾಸಿಗೆ ಬಗ್ಗಿಸಿಕೊಂಡು ಕ್ಯಾನಿನ ನೀರು ಬೆರೆಸಿದೆ. ಕುರಿತಲೆ, ನೆನ್ನೆಗಿಂತ ಜೋರಾಗಿ! ಸರ್ ಬೆರೆಸಿಟ್ಟ ಗ್ಲಾಸನ್ನು ಮೂಸಿದೆ. ಶುದ್ಧ. ಅತ್ತ ಇತ್ತ, ಅತ್ತ ಇತ್ತ. ಹುಚ್ಚು ಮೂಗು ಇಷ್ಟು ಅಚ್ಚುಕಟ್ಟಾಗಿ ಗ್ಲಾಸು ನೋಡಿಕೊಂಡು ಹುಚ್ಚಾಡುವುದಿಲ್ಲ. ವಿಸ್ಕಿ ಒಂದೇ. ಬೇರೆ ಇರುವುದು ನೀರು.

ಆಗ ಬಿಂದಿಗೆ ಕಣ್ಣಿಗೆ ಬಿತ್ತು. ಸ್ಕಾಟ್ಲೆಂಡಿನ ಭಟ್ಟಿಗಳನ್ನು ತಾಮ್ರದಿಂದಲೇ ಏಕೆ ಮಾಡುತ್ತಾರೆ ಎಂದು ಪರೀಕ್ಷೆಯಲ್ಲಿ ಬರೆದವಳು ನಾನು. ಗಂಧಕದ ಕೆಟ್ಟ ವಾಸನೆಯನ್ನು ತಾಮ್ರ ಹಿಡಿದು ಕಟ್ಟಿಹಾಕುತ್ತದೆ. ಹುಳಿ ಹಚ್ಚಿ ಉಜ್ಜಿದ ಬಿಂದಿಗೆಯಿಂದ ರಾತ್ರಿಯಿಡೀ ನೀರಿಗೆ ಇಳಿದ ಇಷ್ಟೇ ಇಷ್ಟು ತಾಮ್ರಕ್ಕೆ ಆ ಕೆಲಸ ಸಾಕಿತ್ತು.

ಆದರೆ ದೊಣೆಯ ನೀರಿನ ಗುಣವೇ ಇರಬಹುದಲ್ಲ? ತಾಮ್ರವೊಂದನ್ನೇ ಬೇರ್ಪಡಿಸಿ ನೋಡಬೇಕು. ಸುತ್ತಲೂ ನೋಡಿದೆ. ಗೋಡೆಯ ಮೇಲಿನ ದೇವರ ಪಟದ ಮುಂದೆ, ಸರ್ ದಿನವೂ ಪೂಜೆಗೆ ಬಳಸುವ ಪಂಚಪಾತ್ರೆಯಲ್ಲಿ, ತೀರ್ಥ ಕೊಡುವ ಪುಟ್ಟ ತಾಮ್ರದ ಚಮಚ, ಉದ್ಧರಣೆ, ಇತ್ತು. ದೇವರಿಗೆ ಮನಸ್ಸಿನಲ್ಲೇ ಕೈಮುಗಿದು ಅದನ್ನು ತೆಗೆದುಕೊಂಡೆ. ತೊಳೆದೆ. ಕ್ಯಾನಿನ ನೀರು ಬೆರೆಸಿದ, ಕುರಿತಲೆ ನಾರುವ ಗ್ಲಾಸಿನೊಳಗಿಟ್ಟು ಮೆಲ್ಲಗೆ ತಿರುವುತ್ತಾ ನಿಂತೆ. ಆಮೇಲೆ ಮೂಸಿದೆ.

ಖರ್ಜೂರ! ಕಪ್ಪು ಬೆಲ್ಲ! ಕಣ್ಣೆದುರಿಗೇ, ಮೂಗಿನೆದುರಿಗೇ, ಕುರಿತಲೆ ಮಾಯ! ನಾನು ಒಬ್ಬಳೇ ಆ ಕೋಣೆಯಲ್ಲಿ ನಕ್ಕುಬಿಟ್ಟೆ.

ನಾನು ವಾದ ಮಾಡುವವಳಲ್ಲ. ಹೊಸದಾಗಿ ಮೂರು ಗ್ಲಾಸು ಜೋಡಿಸಿದೆ. ಮೂರಕ್ಕೂ ಎರಡನೇ ಪೀಪಾಯಿಯ ವಿಸ್ಕಿ, ಕ್ಯಾನಿನ ನೀರು. ಎರಡಕ್ಕೆ ಉದ್ಧರಣೆ ಆಡಿಸಿದೆ, ಒಂದನ್ನು ಬಿಟ್ಟೆ. ಓಬಳರೆಡ್ಡಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ.

"ಇದರಲ್ಲಿ ಬೇರೆ ಯಾವುದು ಹೇಳಿ," ಎಂದೆ.

ಮೊದಲನೆಯದನ್ನು ಮೂಸಿದ, ಎರಡನೆಯದನ್ನು ಮೂಸಿದ. ಮೂರನೆಯದಕ್ಕೆ ತಲೆ ಹಿಂದಕ್ಕೆಳೆದುಕೊಂಡ. "ಅಯ್ಯೋ, ಏಂದಿದು ಮೇಡಂ! ತಲೆಕಾಯಿ ಸುಟ್ಟಂಗೈತಲ್ಲ! ಎಲ್ಲಿಂದ ತಂದ್ರಿ ಈ ದರಿದ್ರ?"

"ಮೂರೂ ಅದೇ. ಸರ್ ಆರಿಸಿರೋ ಪೀಪಾಯಿ."

ಹಿಂದೆಯೇ ಬಂದ ಸರ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಉದ್ಧರಣೆಯ ವಿಷಯ, ಬಿಂದಿಗೆಯ ವಿಷಯ ಹೇಳಿದೆ. ಅವರು ಕೂತರು. ಮೂರು ಗ್ಲಾಸನ್ನೂ ಮೂಸಿದರು.

"ಸ್ಥಳ ಬದಲಾಯಿಸಿ ಇಡಮ್ಮ."

ಅವರು ಕಣ್ಣು ಮುಚ್ಚಿಕೊಂಡರು. ನಾನು ಬದಲಾಯಿಸಿ ಇಟ್ಟೆ. ಅವರು ಒಂದನ್ನು ಮುಂದೆ ತಳ್ಳಿದರು. ತಪ್ಪಾಗಿತ್ತು. ಮತ್ತೆ ಇಡಿಸಿದರು. ಮತ್ತೆ ತಪ್ಪು. ಓಬಳರೆಡ್ಡಿ ಏನೋ ಹಾಸ್ಯ ಮಾಡಲು ಬಾಯಿ ತೆರೆದವನು ಅವರ ಮುಖ ನೋಡಿ ಮೇಜು ಒರೆಸತೊಡಗಿದ. ಗಂಧಕದ ವಾಸನೆ ಹುಟ್ಟಾ ಹತ್ತದ ಮೂಗುಗಳು ಎಷ್ಟೋ ಇವೆ, ಬಣ್ಣಗುರುಡಿನ ಹಾಗೆ. ಉಳಿದ ವಾಸನೆಗಳಲ್ಲಿ ಅಂಥವರು ನಮಗಿಂತ ಗಟ್ಟಿಯಾಗಿರಬಹುದು. ಇಷ್ಟು ವರ್ಷ ಸರ್ ಅವರನ್ನು ಗಂಧಕಕ್ಕೆಂದು ಹೀಗೆ ಯಾರೂ ಪರೀಕ್ಷೆ ಮಾಡಿರಲಿಲ್ಲ.

"ನಂಗಿದು ಇಲ್ಲ ಕಣಮ್ಮ," ಎಂದರು ಕೊನೆಗೆ. ಆಮೇಲೆ ಬಿಂದಿಗೆಯ ಕಡೆ ನೋಡಿದರು. "ಅದ್ನ ತಂದು ನಾನೇ ಎಲ್ರ ಮೂಗ್ನೂ ನನ್ನ ಮೂಗು ಮಾಡ್ಬುಟ್ಟೆ."

"ಹೋಗ್ಲಿ ಸಾರ್, ಬಾಟ್ಲಿಗೊಂದು ಬಿಂದಿಗೆ ಫ್ರೀ ಅಂತ ಮಾರೋಣ," ಎಂದ ಓಬಳರೆಡ್ಡಿ.

ಸರ್ ನಕ್ಕರು. ಸಣ್ಣದಾಗಿ ಶುರುವಾದ ನಗು ದೊಡ್ಡದಾಗಿ ಕೆಮ್ಮಿನಲ್ಲಿ ಮುಗಿಯಿತು. "ಲೇ, ಸುಮ್ನಿರ್ಲಾ," ಎನ್ನುತ್ತಲೇ ಫೋನು ಎತ್ತಿ ಸ್ಕಾಟ್ಲೆಂಡಿಗೆ ಮಾಡಿದರು. ಆ ಕಡೆ ಹಲೋ ಎನ್ನುತ್ತಿದ್ದಂತೆ, ನನ್ನ ಕೈಗೆ ಕೊಟ್ಟರು. "ನೀನೇ ಹೇಳು."

ಅಲ್ಲಿಯವರೆಗೆ ನಾನು ಅವರೊಡನೆ ಮಾತಾಡಿದವಳಲ್ಲ. ಮೊದಲನೇ ಪೀಪಾಯಿ ಸಾಕು, ಎರಡನೆಯದು ಬೇಡ, ಅದರಲ್ಲಿ ಗಂಧಕ ಇದೆ ಎಂದೆ. ಆ ಕಡೆಯವರು ಸುಲಭಕ್ಕೆ ಬಿಡಲಿಲ್ಲ. ಅದು ತಮ್ಮ ದಾಸ್ತಾನಿನಲ್ಲೇ ಅತಿ ಗಾಢವಾದ ಪೀಪಾಯಿ, ಬಿಟ್ಟರೆ ಬೇರೆಯವರಿಗೆ ಹೋಗುತ್ತದೆ, ಮತ್ತೆ ಸಿಗುವುದಿಲ್ಲ ಎಂದರು. ಆಮೇಲೆ, ಬಹಳ ಮರ್ಯಾದೆಯಿಂದಲೇ, ಗಂಧಕ ಇದೆಯೆಂದು ನಿಮಗೆ ಖಚಿತವೇ ಎಂದು ಕೇಳಿದರು.

ಸರ್ ನನ್ನನ್ನೇ ನೋಡುತ್ತಿದ್ದರು. ಓಬಳರೆಡ್ಡಿಯೂ ನೋಡುತ್ತಿದ್ದ.

"ಇದೆ," ಎಂದೆ. "ಖಚಿತ."